ಕಾಮಾಲೆ ಬಂದ ದಾರಿ

ನನ್ನ ಬಾಲ್ಯದ ಸಂತೆಕಟ್ಟೆಯಲ್ಲಿ ಯಾರ ಕಣ್ಣಾದರೂ ಹಳದಿಯಾದರೆ ನೆಲನೆಲ್ಲಿಯನ್ನು ಅರೆದು ಮಜ್ಜಿಗೆಯಲ್ಲಿ ಕುಡಿಸುತ್ತಿದ್ದರು. ರೋಗ ಬಂದ ದಾರಿಯನ್ನು ಮಾತ್ರ ಯಾರೂ ವಿಚಾರಿಸುತ್ತಿರಲಿಲ್ಲ. ಸಾಂಕ್ರಾಮಿಕ ರೋಗಗಳ ಸಂಶೋಧಕ ಮೊದಲು ಕೇಳುವುದು ಅದನ್ನೇ.

ದಾರಿ ಒಂದಲ್ಲ. ನೀರಿನ ದಾರಿಗೆ ದಿಲ್ಲಿ ಸಾಕ್ಷಿ. ಅಲ್ಲಿ 1955ರ ಕೊನೆಯಲ್ಲಿ ಕುಡಿಯುವ ನೀರಿಗೆ ಕೊಳಚೆ ಬೆರೆತು ಸುಮಾರು 29,000 ಮಂದಿ ಕಾಮಾಲೆಗೆ ತುತ್ತಾದರು. ಅದು 'ಇ' ವೈರಸ್ಸಿನ ಕೃತ್ಯವೆಂದು ತಿಳಿದದ್ದು ದಶಕಗಳ ಬಳಿಕ. 'ಬಿ' ವೈರಸ್ಸಿನ ಗುರುತನ್ನು ರಕ್ತದಲ್ಲಿ ಕಂಡ ಬ್ಲಂಬರ್ಗ್ 1976ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಈ ವೈರಸ್ಸು ನೀರಿನಿಂದ ಹರಡುವುದಿಲ್ಲ. ಅದು ಬರುವುದು ಸೋಂಕಿನ ರಕ್ತದಿಂದ, ಸೂಜಿಯಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ. ಕಣ್ಣು ಹಳದಿಯಾಗದೆಯೇ ವರ್ಷಗಟ್ಟಲೆ ಅಡಗಿಯೂ ಇರಬಲ್ಲುದು.

ಬಾವಿಯ ನೀರಿನ ಬಗ್ಗೆ ಕೇಳಿದರೆ ಊರೆಲ್ಲ ಉತ್ತರಿಸುತ್ತದೆ. ದಾಂಪತ್ಯದ ಮಾತೆತ್ತಿದರೆ ಎಲ್ಲರೂ ತಲೆ ತಗ್ಗಿಸುತ್ತಾರೆ. ಆ ಮೌನದ ಬೆಲೆಯನ್ನು ಹಸುಗೂಸೂ ತೆರಬೇಕಾಗುತ್ತದೆ. ಹುಟ್ಟುವಾಗಲೇ ಸೋಂಕು ತಗಲಿದ ಹತ್ತು ಶಿಶುಗಳಲ್ಲಿ ಒಂಬತ್ತರಷ್ಟು ಅದನ್ನು ದೀರ್ಘಕಾಲ ಹೊತ್ತೇ ಬಾಳುತ್ತವೆ. ಗರ್ಭಿಣಿಗೊಂದು ರಕ್ತಪರೀಕ್ಷೆ, ಮಗುವಿಗೆ 24 ಗಂಟೆಯೊಳಗೆ ಲಸಿಕೆ, ಇವು ಬಹುಮಟ್ಟಿಗೆ ಅದನ್ನು ತಡೆಯುತ್ತವೆ.

ಆದ್ದರಿಂದ ಊರಿನ ಸೀಮಂತದ ಮನೆಗಳಲ್ಲಿ ಈಗ ನಾನು ಹಿರಿಯರನ್ನು ಕೇಳುತ್ತೇನೆ: ಆ ಪರೀಕ್ಷೆ ಆಯಿತೇ? ಈ ಪ್ರಶ್ನೆಗೆ ನಾಚಿಕೆ ಬೇಡ.