ಅರ್ಧ ಮೇಜಿನ ಅಂಗಡಿ

ಟೋಕಿಯೊದ ಬಿಗ್ ಸೈಟ್ ಪ್ರದರ್ಶನ ಕೇಂದ್ರ, ಆಗಸ್ಟ್ ತಿಂಗಳ ಸೆಕೆ. ಇಲ್ಲಿ ಒಂದು ತಂಡಕ್ಕೆ ಸಿಗೋದು ಅರ್ಧ ಮೇಜು, ಅಷ್ಟೇ. ಅದೂ ಲಾಟರಿಯಲ್ಲಿ ಹೆಸರು ಬಂದರೆ!

ಇದು ಕಾಮಿಕೆಟ್. ಪ್ರಕಾಶಕರ ಹಂಗಿಲ್ಲದೆ, ತಾವೇ ಚಿತ್ರ ಬರೆದು, ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಸಿದ ಕಾಮಿಕ್ಸ್‌ಗಳ ಸಂತೆ. 1975ರ ಡಿಸೆಂಬರ್‌ನಲ್ಲಿ ಶುರುವಾದಾಗ 32 ತಂಡ, ಸುಮಾರು 700 ಜನ. ಈಗ ವರ್ಷಕ್ಕೆ ಎರಡು ಸಲ, ಲಕ್ಷಗಟ್ಟಲೆ ಜನ.

ಮೇಜಿನ ಮೇಲೊಂದು ಬಟ್ಟೆ, ಬೆಲೆ ಚೀಟಿ, ತೆಳ್ಳನೆ ಪುಸ್ತಕಗಳ ಅಟ್ಟಿ, ಚಿಲ್ಲರೆ ಡಬ್ಬಿ. 500 ಯೆನ್ ನಾಣ್ಯ ಠಣ್ ಅಂತ ಬೀಳುತ್ತೆ. ಎಷ್ಟೋ ಜನಕ್ಕೆ ಅಚ್ಚಿನ ಖರ್ಚೂ ಹುಟ್ಟಲ್ಲ. ಆದರೂ ಬರ್ತಾರೆ. ಎದುರಿಗೇ ನಿಂತು ಪುಟ ತಿರುವೋ ಓದುಗರು ಇನ್ನೆಲ್ಲಿ ಸಿಗ್ತಾರೆ, ಹೇಳಿ? ಮಂಗಾ ಅಂದರೆ ಜಪಾನಿ ಕಾಮಿಕ್ಸ್; ಅದರಲ್ಲಿ ಹೆಸರಾಂತ ತಂಡ ಕ್ಲ್ಯಾಂಪ್ ಕೂಡ ಶುರು ಮಾಡಿದ್ದು ಇಂಥ ಸ್ವಂತ ಪ್ರಕಟಣೆಯಿಂದಲೇ.

ಹೋಗೋದಾದ್ರೆ ಚಿಲ್ಲರೆ ಇಟ್ಕೊಳ್ಳಿ. 10,000 ಯೆನ್ ನೋಟು ಚಾಚಿದರೆ ಮೇಜಿನ ಆಚೆಯವರು ಪೇಚಾಡ್ತಾರೆ.