ನಿಮಗಿದು ಗೊತ್ತೆ? ಮದರ್‌ಬೋರ್ಡ್ ಬದಲಿಸಿದರೆ ಡಿಸ್ಕ್‌ಗೆ ಬೀಗ!

ಕೆಟ್ಟದ್ದು ಮದರ್‌ಬೋರ್ಡ್ ಮಾತ್ರ, ಡಿಸ್ಕ್‌ಗೆ ಏನೂ ಆಗಿಲ್ಲ. ಆದರೂ ಹೊಸ ಬೋರ್ಡ್ ಹಾಕಿ ಆನ್ ಮಾಡಿದರೆ, ಅದೇ ಹಳೆಯ ಡಿಸ್ಕ್ 48 ಅಂಕಿಗಳ ಸಂಖ್ಯೆ ಕೊಡದೆ ತೆರೆಯುವುದೇ ಇಲ್ಲ ಎನ್ನಬಹುದು!

ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದಾಗ ಹೀಗಾಗುತ್ತದೆ. ಡಿಸ್ಕ್‌ನ ಬೀಗದ ಗುಟ್ಟನ್ನು ಕಾಯುವ ಟಿಪಿಎಂ ಚಿಪ್ ಎಷ್ಟೋ ಯಂತ್ರಗಳಲ್ಲಿ ಮದರ್‌ಬೋರ್ಡ್ ಮೇಲೆಯೇ ಇರುತ್ತದೆ. ಬೋರ್ಡ್ ಹೋದರೆ ಗುಟ್ಟೂ ಹೋಯಿತು. ಆ 48 ಅಂಕಿಗಳನ್ನು ಆರಾರರಂತೆ ಎಂಟು ಗುಂಪು ಮಾಡಿರುತ್ತಾರೆ. ಪ್ರತಿ ಗುಂಪೂ 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ! ಒಂದು ಅಂಕಿ ತಪ್ಪಿ ಒತ್ತಿದರೂ ಕಂಪ್ಯೂಟರ್‌ಗೆ ತಕ್ಷಣ ಗೊತ್ತಾಗಲೆಂದೇ ಈ ಏರ್ಪಾಡು. ಸಂಖ್ಯೆ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ, ಮೊಬೈಲ್‌ನಲ್ಲೇ ನೋಡಬಹುದು. ಹೊಸ ಬೋರ್ಡ್ ತರಲು ಅಂಗಡಿಗೆ ಹೊರಡುವ ಮೊದಲೇ ಅದನ್ನು ಬರೆದಿಟ್ಟುಕೊಳ್ಳುವುದು ಜಾಣತನ.

ಹಾಗಾದರೆ ವಿಂಡೋಸ್ ಮತ್ತೆ ಹಾಕಿಸಲೇಬೇಕೆ? ಕಡ್ಡಾಯವೇನಲ್ಲ. ಎಕ್ಸ್‌ಪಿ ಕಾಲದಲ್ಲಿ ಬೋರ್ಡ್ ಬದಲಾದರೆ ನೀಲಿ ಪರದೆ ಬರುವುದು ಮಾಮೂಲಾಗಿತ್ತು. ವಿಂಡೋಸ್ 10 ಮತ್ತು 11 ಬಹುಪಾಲು ಹೊಸ ಬೋರ್ಡ್ ಗುರುತಿಸಿ, ಡ್ರೈವರ್‌ಗಳನ್ನು ತಾವೇ ಹುಡುಕಿಕೊಳ್ಳುತ್ತವೆ. ತೊಡಕಿರುವುದು ಪರವಾನಗಿಯಲ್ಲಿ. ಹೊಸ ಬೋರ್ಡನ್ನು ವಿಂಡೋಸ್ ಹೊಸ ಕಂಪ್ಯೂಟರ್ ಎಂದೇ ಎಣಿಸುತ್ತದೆ. ಮತ್ತೆ ಹಾಕಿಸಿದರೂ ಈ ತೊಡಕು ಬಗೆಹರಿಯದು. ಅಂಗಡಿಯಲ್ಲಿ ಪ್ರತ್ಯೇಕವಾಗಿ ಕೊಂಡ ಪರವಾನಗಿಯನ್ನು ಹೊಸ ಬೋರ್ಡಿಗೆ ವರ್ಗಾಯಿಸಬಹುದು. ಕಂಪ್ಯೂಟರ್ ಜತೆಗೇ ಬಂದದ್ದು ಸಾಮಾನ್ಯವಾಗಿ ಆ ಯಂತ್ರಕ್ಕಷ್ಟೇ ಸೀಮಿತ. ಲಿನಕ್ಸ್ ಬಳಸುವವರಿಗೆ ಪರವಾನಗಿಯ ಚಿಂತೆಯೇ ಇಲ್ಲ.