ಮೀನು, ಸೊಪ್ಪು ಮತ್ತು ಒಂದು ಪಂಪು

ಬಸಳೆ ಚಪ್ಪರ, ಒಂದೆರಡು ಕರಿಬೇವಿನ ಗಿಡ, ಅಡುಗೆಮನೆ ಕಿಟಕಿಯ ಹೊರಗೆ ಪುದೀನದ ಕುಂಡ. ಕೈತೋಟ ನಮ್ಮ ಹೆಂಗಸರಿಗೆ ಹೊಸದೇನೂ ಅಲ್ಲ. ಅಂಗಳ ಚಿಕ್ಕದಾಗುತ್ತಾ ಬಂದಂತೆ ಈ ಕೈತೋಟ ತಾರಸಿ ಏರಿತು. ಈಗ ಅದರ ಹಿಂದೆಯೇ ಮೀನೂ ತಾರಸಿ ಏರುತ್ತಿದೆ. ಒಂದು ಟ್ಯಾಂಕಿಯಲ್ಲಿ ಮೀನು, ಪಕ್ಕದ ತೊಟ್ಟಿಯಲ್ಲಿ ಜಲ್ಲಿ ತುಂಬಿ ನೆಟ್ಟ ಸೊಪ್ಪು, ಇವೆರಡರ ನಡುವೆ ನೀರನ್ನು ಸುತ್ತಿಸುವ ಒಂದು ಸಣ್ಣ ಪಂಪು. ಇದನ್ನು ಆಕ್ವಾಪೋನಿಕ್ಸ್ ಎನ್ನುತ್ತಾರೆ.

ಇದರ ಒಳಗುಟ್ಟು ಸರಳ. ಮೀನಿನ ಕಿವಿರು ಮತ್ತು ಹಿಕ್ಕೆಯಿಂದ ನೀರಿಗೆ ಅಮೋನಿಯಾ ಸೇರುತ್ತದೆ. ಅದು ಹೆಚ್ಚಾದರೆ ಮೀನಿಗೇ ವಿಷ. ಜಲ್ಲಿಯ ಮೇಲೆ ತಾವಾಗಿ ಬೆಳೆಯುವ ಬ್ಯಾಕ್ಟೀರಿಯಾಗಳು ಆ ಅಮೋನಿಯಾವನ್ನು ಮೊದಲು ನೈಟ್ರೈಟ್, ನಂತರ ನೈಟ್ರೇಟ್ ಆಗಿ ಬದಲಾಯಿಸುತ್ತವೆ. ನೈಟ್ರೇಟ್ ಗಿಡಗಳ ಆಹಾರ. ಗಿಡ ಉಂಡು ಬಿಟ್ಟ ನೀರು ಮತ್ತೆ ಮೀನಿಗೆ. ಮಣ್ಣು ಬೇಡ, ನೀರು ಚೆಲ್ಲಬೇಕಾಗಿಲ್ಲ. ಕೇಳಲು ಬಹಳ ಚೆನ್ನಾಗಿದೆ. ಆದರೆ ಈ ಇಡೀ ಸಂಸಾರ ನಿಂತಿರುವುದು ಆ ಪಂಪಿನ ಮೇಲೆ ಎಂಬುದನ್ನು ಮಾರುವವರು ಒತ್ತಿ ಹೇಳುವುದಿಲ್ಲ. ಕುಂಡದ ಗಿಡಕ್ಕೆ ಒಂದು ದಿನ ನೀರು ತಪ್ಪಿದರೆ ಬಾಡುತ್ತದೆ, ಸಂಜೆ ಎರೆದರೆ ಚೇತರಿಸಿಕೊಳ್ಳುತ್ತದೆ. ಮೀನು ಸಂಜೆಯವರೆಗೆ ಕಾಯುವುದಿಲ್ಲ.

ಪಂಪು ನಿಂತರೆ, ಪಂಪು ನಿಲ್ಲದಿದ್ದರೆ

ಪಂಪು ನಿಂತರೆ ಅಪಾಯ ಎಂಬುದು ಎಲ್ಲರಿಗೂ ಹೊಳೆಯುತ್ತದೆ. ನೀರು ಬಿದ್ದು ಕಲಕುವುದು ನಿಂತಾಗ ಅದರಲ್ಲಿ ಕರಗಿದ ಆಮ್ಲಜನಕ ಇಳಿಯುತ್ತದೆ. ಬೇಸಿಗೆಯಲ್ಲಿ ಇದು ಇನ್ನೂ ಬೇಗ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯ ನೀರು ಹಿಡಿಯುವುದು ಏಳೂವರೆ ಮಿಲಿಗ್ರಾಂ ಮಾತ್ರ. ಮೀನುಗಳು ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದರೆ ಅವಕ್ಕೆ ಹಸಿವಾಗಿದೆ ಎಂದು ತಿಂಡಿ ಹಾಕಬೇಡಿ. ಅವು ಉಸಿರಿಗಾಗಿ ಒದ್ದಾಡುತ್ತಿವೆ.

ಆದರೆ ಪಂಪು ನಿಲ್ಲದೆ ಓಡುತ್ತಲೇ ಇರುವುದು ಕೆಲವೊಮ್ಮೆ ಅದಕ್ಕಿಂತ ಕೆಟ್ಟದ್ದು. ಪುದೀನದ ಬೇರು ಎಷ್ಟು ದೂರ ಹರಿಯುತ್ತದೆ ಎಂದು ಬೆಳೆಸಿದವರಿಗೆ ಗೊತ್ತು. ಆ ಬೇರು ಜಲ್ಲಿಯೊಳಗಿನಿಂದ ನುಸುಳಿ ನೀರು ಇಳಿಯುವ ಪೈಪಿನ ಬಾಯಿಯನ್ನು ಮುಚ್ಚಿತು ಎಂದುಕೊಳ್ಳಿ. ಕೆಳಗಿನಿಂದ ಪಂಪು ನೀರನ್ನು ಎತ್ತುತ್ತಲೇ ಇರುತ್ತದೆ, ಗಿಡದ ತೊಟ್ಟಿ ತುಂಬಿ ಅಂಚಿನಿಂದ ತಾರಸಿಗೆ ಚೆಲ್ಲುತ್ತದೆ. ಪಂಪು ಮೀನಿನ ಟ್ಯಾಂಕಿಯ ತಳದಲ್ಲಿಯೇ ಇದ್ದರೆ ಬೆಳಗಾಗುವಾಗ ಟ್ಯಾಂಕಿ ಖಾಲಿ, ಮೀನು ತಳದಲ್ಲಿ. ಪೈಪಿನ ಜೋಡಣೆ ಬಿಟ್ಟುಕೊಂಡರೂ ಇದೇ ಕಥೆ. ಕರೆಂಟು ಹೋಗಿದ್ದರೆ ಟ್ಯಾಂಕಿಯಲ್ಲಿ ನೀರಾದರೂ ಉಳಿಯುತ್ತಿತ್ತು!

ಆದ್ದರಿಂದ ಮೊದಲ ಮಾತು: ಪಂಪನ್ನು ಮೀನಿನ ಟ್ಯಾಂಕಿಯಲ್ಲಿ ಇಡಬೇಡಿ. ಎಲ್ಲಕ್ಕಿಂತ ಕೆಳಗೆ ಒಂದು ಸಣ್ಣ ಸಂಪು ಇರಲಿ. ಪಂಪು ಅಲ್ಲಿರಲಿ. ಸಂಪಿನಿಂದ ಎತ್ತಿದ ನೀರು ಮೀನಿನ ಟ್ಯಾಂಕಿಗೆ ಬೀಳಲಿ, ಟ್ಯಾಂಕಿ ತುಂಬಿ ಹೆಚ್ಚಾದದ್ದು ಮೇಲಿನ ಅಂಚಿನ ಪೈಪಿನಿಂದ ಗಿಡಕ್ಕೆ ಹೋಗಲಿ, ಅಲ್ಲಿಂದ ಮತ್ತೆ ಸಂಪಿಗೆ. ಹೀಗಿದ್ದಾಗ ಗಿಡದ ತೊಟ್ಟಿ ಉಕ್ಕಿ ನೀರೆಲ್ಲ ತಾರಸಿಗೆ ಹರಿದರೂ ಖಾಲಿಯಾಗುವುದು ಸಂಪು ಮಾತ್ರ. ಮೀನಿನ ನೀರಿನ ಮಟ್ಟ ಹಾಗೆಯೇ ಇರುತ್ತದೆ. ಪಂಪಿನಿಂದ ಟ್ಯಾಂಕಿಗೆ ಬರುವ ಪೈಪಿನ ಬಾಯಿ ಮಾತ್ರ ನೀರಿನೊಳಗೆ ಮುಳುಗಿರಬಾರದು. ಮುಳುಗಿದ್ದರೆ ಪಂಪು ನಿಂತಾಗ ಟ್ಯಾಂಕಿಯ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಎಳೆದುಕೊಂಡು ಸಂಪಿಗೆ ಇಳಿಯುತ್ತದೆ. ಸಾವಿರಾರು ರೂಪಾಯಿಯ ಉಪಕರಣ ಮಾಡಲಾಗದ ಕೆಲಸವನ್ನು ಈ ಜೋಡಣೆಯೊಂದೇ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಗೋಡೆಯ ಮೇಲೊಂದು ಗೆರೆ

ನೀರು ಕಡಿಮೆಯಾಗುವುದು ಸಂಪಿನಲ್ಲಿ ಎಂದಾದ ಮೇಲೆ ಕಣ್ಣಿಡಬೇಕಾದ ಜಾಗವೂ ಅದೇ. ಬಿಸಿಲಿಗೆ ಆವಿಯಾಗಿ, ಎಲೆಗಳ ಮೂಲಕ ಹೊರಟು ದಿನಕ್ಕೆ ನೂರಕ್ಕೆ ಒಂದರಿಂದ ಮೂರು ಪಾಲು ನೀರು ಕಡಿಮೆಯಾಗುವುದು ಸಹಜ. ಒಟ್ಟು ಸಾವಿರ ಲೀಟರ್ ಇದ್ದರೆ 10ರಿಂದ 30 ಲೀಟರ್, ಅಂದರೆ ಒಂದೋ ಎರಡೋ ಕೊಡ. ಸಂಪಿನ ಒಳಗೋಡೆಗೆ ಅಳಿಸದ ಬಣ್ಣದಲ್ಲಿ ಒಂದು ಗೆರೆ ಎಳೆದುಬಿಡಿ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ, ಪಂಪು ಓಡುತ್ತಿರುವಾಗಲೇ ನೋಡಿ. ಪಂಪು ನಿಂತಾಗ ಗಿಡದ ತೊಟ್ಟಿಯ ನೀರೂ ಸಂಪಿಗೆ ಇಳಿದು ಮಟ್ಟ ಏರುವುದರಿಂದ ಆಗಿನ ಲೆಕ್ಕ ತಪ್ಪುತ್ತದೆ. ಗೆರೆಗೆ ಸರಿಯಾಗಿ ಕೊಡದಲ್ಲಿ ನೀರು ತುಂಬಿ. ನಳ್ಳಿಯಲ್ಲಿ ಕ್ಲೋರಿನ್ ಹಾಕಿದ ನೀರು ಬರುವ ಊರಾದರೆ ಅದನ್ನು ಹಿಂದಿನ ದಿನವೇ ತೆರೆದ ಪಾತ್ರೆಯಲ್ಲಿ ತುಂಬಿಸಿಡಿ.

ಓವರ್‌ಹೆಡ್ ಟ್ಯಾಂಕಿನಲ್ಲಿರುವಂಥ ಚೆಂಡಿನ ವಾಲ್ವ್ ಕೂರಿಸಿದರೆ ನೀರು ತಾನಾಗಿ ತುಂಬುತ್ತದಲ್ಲ, ಈ ಕೊಡ ಹೊರುವ ಕಷ್ಟ ಯಾಕೆ ಎಂದು ಕೇಳಬಹುದು. ಹತ್ತು ದಿನ ಊರಿಗೆ ಹೋಗುವಾಗ ಅದು ಒಳ್ಳೆಯದೇ. ಉಳಿದ ದಿನಗಳಲ್ಲಿ ನನಗೆ ಅದರ ಮೇಲೆ ಅಷ್ಟು ಒಲವಿಲ್ಲ. ಎಲ್ಲೋ ಸೋರಿಕೆ ಶುರುವಾದರೆ ಅದು ಸದ್ದಿಲ್ಲದೆ ತುಂಬುತ್ತಲೇ ಹೋಗುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಎರಡು ಕೊಡ ಹಿಡಿಯುತ್ತಿದ್ದಲ್ಲಿ ಇಂದು ಐದು ಕೊಡ ಬೇಕಾಯಿತು ಎಂದರೆ ಆ ಕೈಗೆ ತಕ್ಷಣ ಅನುಮಾನ ಬರುತ್ತದೆ.

ಸ್ವಿಚ್ಚಿನ ಕೆಲಸ

ಸಂಪು ಖಾಲಿಯಾದಾಗ ಪಂಪು ತಾನಾಗಿ ನಿಲ್ಲಬೇಕು. ಮುಳುಗು ಪಂಪಿಗೆ ಸುತ್ತಲಿನ ನೀರೇ ತಂಪು. ನೀರಿಲ್ಲದೆ ಓಡಿದರೆ ಸುಟ್ಟುಹೋಗುತ್ತದೆ. ಇದಕ್ಕೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ತೇಲುವ ಫ್ಲೋಟ್ ಸ್ವಿಚ್ ಸಾಕು. ಒಂದು ಎಚ್ಚರಿಕೆ ಮಾತ್ರ ಬೇಕು. ಮನೆಯ ಟ್ಯಾಂಕಿಗೆ ಹಾಕುವಾಗ ನೀರು ಇಳಿದರೆ ಮೋಟಾರು ಓಡುವಂತೆ ಜೋಡಿಸುತ್ತಾರೆ, ನಮಗೆ ಬೇಕಾದದ್ದು ಅದರ ತದ್ವಿರುದ್ಧ. ಸಾಮಾನ್ಯವಾಗಿ ಈ ಸ್ವಿಚ್ಚಿನಲ್ಲಿ ಮೂರು ವಯರು ಇರುವುದು ಇದಕ್ಕಾಗಿಯೇ. ಎಲೆಕ್ಟ್ರಿಷಿಯನ್‌ಗೆ ಬಿಡಿಸಿ ಹೇಳಿ. ವಯರಿಗೆ ಸಿಕ್ಕಿಸುವ ಭಾರವನ್ನು ಮೇಲೆ ಕೆಳಗೆ ಸರಿಸಿ, ಪಂಪು ನಿಲ್ಲುವ ಮಟ್ಟಕ್ಕೂ ಮತ್ತೆ ಓಡುವ ಮಟ್ಟಕ್ಕೂ ನಡುವೆ ಒಂದು ಗೇಣಾದರೂ ಅಂತರ ಇಡಿ. ಇಲ್ಲದಿದ್ದರೆ ಅಲೆ ಎದ್ದಾಗಲೆಲ್ಲ ಪಂಪು ಆರಿ ಹೊತ್ತಿ, ಹೊತ್ತಿ ಆರಿ ಬೇಗ ಕೆಡುತ್ತದೆ.

ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರು ಆರ್ಡುಯಿನೋ ಬೋರ್ಡು, ಶಬ್ದದ ಅಲೆಯಿಂದ ನೀರಿನ ಮಟ್ಟ ಅಳೆಯುವ ಸೆನ್ಸರು ತಂದು ಮೊಬೈಲಿಗೆ ಸಂದೇಶ ಬರುವಂತೆ ಮಾಡಿಕೊಡುತ್ತಾರೆ. ಮಾಡಲಿ, ಕಲಿಯಲಿ. ಆದರೆ ಅಗ್ಗದ ಸೆನ್ಸರು ತಾರಸಿಯ ತೇವಕ್ಕೆ ಹೆಚ್ಚು ದಿನ ಬಾಳುವುದಿಲ್ಲ. ನೀರು ತಾಗಿದರೂ ತಡೆಯುವಂಥದ್ದು ತಂದರೆ ಅದು ಸುಮಾರು 20 ಸೆಂಟಿಮೀಟರಿಗಿಂತ ಹತ್ತಿರದ ನೀರನ್ನು ಅಳೆಯಲಾರದು, ಅಷ್ಟು ಎತ್ತರಕ್ಕೆ ಕೂರಿಸಬೇಕು. ಮಗನನ್ನು, ಮಗಳನ್ನು ಒಂದು ಪ್ರಶ್ನೆ ಕೇಳಿ: ಈ ಬೋರ್ಡೇ ಕೆಟ್ಟು ನಿಂತರೆ ಪಂಪು ಓಡುತ್ತದೋ, ನಿಲ್ಲುತ್ತದೋ? ಓಡಬೇಕು. ನಿಲ್ಲಿಸುವ ಕೊನೆಯ ಅಧಿಕಾರ ಆ ಫ್ಲೋಟ್ ಸ್ವಿಚ್ಚಿಗೇ ಇರಬೇಕು.

ಕರೆಂಟಿಲ್ಲದ ತಾರಸಿಗಳು

ಇದೆಲ್ಲ ಸಿರಿವಂತರ ಹವ್ಯಾಸ ಎಂದುಕೊಳ್ಳುವವರಿಗೆ ಗಾಝಾದ ಸಂಗತಿ ಹೇಳಬೇಕು. 365 ಚದರ ಕಿಲೋಮೀಟರಿನ ಆ ನೆಲದಲ್ಲಿ ಉಳುವ ಜಾಗವೂ ಕಡಿಮೆ, ಸಿಹಿ ನೀರೂ ಕಡಿಮೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2010ರ ಬಳಿಕ ಅಲ್ಲಿ ಸಂಸಾರದ ಹೊಣೆ ಹೆಂಗಸಿನ ಮೇಲೆಯೇ ಇದ್ದ ಬಡ ಕುಟುಂಬಗಳಿಗೆ ತಾರಸಿಯ ಆಕ್ವಾಪೋನಿಕ್ಸ್ ಘಟಕಗಳನ್ನು ಕೊಟ್ಟಿತ್ತು. ಅಲ್ಲಿ ಕರೆಂಟು ಹೋಗುವುದು ಅಪರೂಪದ ಅಡಚಣೆಯಾಗಿರಲಿಲ್ಲ. 2017ರಲ್ಲಿ ದಿನಕ್ಕೆ ನಾಲ್ಕೇ ಗಂಟೆ ಕರೆಂಟು ಸಿಗುತ್ತಿದ್ದ ತಿಂಗಳುಗಳಿದ್ದವು. 2023ರ ಅಕ್ಟೋಬರಿನಲ್ಲಿ ಆರಂಭವಾದ ಯುದ್ಧದಲ್ಲಿ ಅಲ್ಲಿನ ಬಹುಪಾಲು ಮನೆಗಳೇ ನಾಶವಾದವು ಅಥವಾ ಜಖಂಗೊಂಡವು. ಮನೆಯೇ ಇಲ್ಲದ ಮೇಲೆ ತಾರಸಿಯ ಮಾತೆಲ್ಲಿ?

ನಮ್ಮಲ್ಲಿ ಕರೆಂಟು ಹೋದರೆ ಒಂದೆರಡು ಗಂಟೆ, ಮಳೆಗಾಲದ ಗಾಳಿಗೆ ಕಂಬ ಬಿದ್ದರೆ ಒಂದು ದಿನ. ಅಷ್ಟಕ್ಕೆ ಸಿದ್ಧವಾಗುವುದು ಕಷ್ಟವಲ್ಲ. ಬ್ಯಾಟರಿಯಿಂದ ಓಡುವ, ಗಾಳಿಯ ಗುಳ್ಳೆ ಬಿಡುವ ಏರ್ ಪಂಪು ಮೀನಂಗಡಿಗಳಲ್ಲಿ ಸಿಗುತ್ತದೆ. ಕರೆಂಟು ಹೋದೊಡನೆ ತಾನಾಗಿ ಶುರುವಾಗುವಂಥದ್ದೂ ಇದೆ. ಇನ್ವರ್ಟರ್ ಇರುವ ಮನೆಯಲ್ಲಿ ಇನ್ನೂ ಸುಲಭ. 40 ವ್ಯಾಟಿನ ಪಂಪು ಹಗಲಿರುಳು ಓಡಿದರೂ ದಿನಕ್ಕೆ ಒಂದು ಯೂನಿಟ್ಟಿಗಿಂತ ತುಸು ಕಡಿಮೆ. ಎಲ್ಲಕ್ಕಿಂತ ದೊಡ್ಡ ಬ್ಯಾಟರಿ ಎಂದರೆ ಮೀನು ಕಡಿಮೆ ಇರುವುದು. ಆಸೆಗೆ ಬಿದ್ದು ತುಂಬಿಸಿದ ಟ್ಯಾಂಕಿಯಲ್ಲಿ ಪಂಪು ನಿಂತು ಒಂದು ಗಂಟೆಯೊಳಗೇ ಮೀನು ಸಾಯಬಹುದು, ವಿರಳವಾಗಿದ್ದರೆ ಹಲವು ಗಂಟೆ ತಾಳುತ್ತವೆ. ಕರೆಂಟಿಲ್ಲದ ಹೊತ್ತಿನಲ್ಲಿ ತಿಂಡಿ ಹಾಕಲೇಬಾರದು. ಏನೂ ಇಲ್ಲದಿದ್ದರೆ ತಂಬಿಗೆಯಲ್ಲಿ ನೀರೆತ್ತಿ ಎತ್ತರದಿಂದ ಸುರಿಯುತ್ತಿರಿ.

ನೀರು ಮತ್ತು ಕರೆಂಟು ಒಟ್ಟಿಗೆ ಇರುವಲ್ಲಿ 30 ಮಿಲಿಆಂಪಿಯರಿಗೆ ಆರಿಹೋಗುವ ಬ್ರೇಕರ್ ಹಾಕಿಸದೆ ಪಂಪು ಹಚ್ಚಬೇಡಿ. ಟ್ಯಾಂಕಿಗೂ ಸಂಪಿಗೂ ಗಟ್ಟಿ ಜಾಲರಿ ಇರಲಿ, ಪುಟ್ಟ ಮಕ್ಕಳಿರುವ ಮನೆಯಲ್ಲಿ ಅದಕ್ಕೆ ಬೀಗವೂ ಇರಲಿ.

ಮೀನು ತರುವ ಮುಂಚೆ ಒಂದು ರಜಾದಿನ ಬರಿಯ ನೀರು ತುಂಬಿಸಿ ಎರಡು ಪರೀಕ್ಷೆ ಮಾಡಿ. ಓಡುತ್ತಿರುವ ಪಂಪಿನ ಪ್ಲಗ್ಗನ್ನು ಕೀಳಿ, ಅರ್ಧ ಗಂಟೆ ನೋಡಿ. ಮೇಲಿನಿಂದ ಇಳಿದ ನೀರಷ್ಟೂ ಸಂಪಿನಲ್ಲಿ ಹಿಡಿಯಬೇಕು, ಉಕ್ಕಿದರೆ ಸಂಪು ಚಿಕ್ಕದಾಯಿತು. ನಂತರ ಪಂಪು ಹಚ್ಚಿ, ಗಿಡದ ತೊಟ್ಟಿಯ ಇಳಿಪೈಪಿಗೆ ಒಂದು ಬಟ್ಟೆ ತುರುಕಿ. ಸಂಪು ಖಾಲಿಯಾಗಿ ಸ್ವಿಚ್ಚು ಪಂಪನ್ನು ನಿಲ್ಲಿಸಿದಾಗ ಮೀನಿನ ಟ್ಯಾಂಕಿಯಲ್ಲಿ ನೀರು ಎಲ್ಲಿಯವರೆಗಿದೆ ಎಂದು ಅಳೆದುಕೊಳ್ಳಿ. ಅದು ಮೇಲಿನ ಪೈಪಿನ ಮಟ್ಟದಲ್ಲಿಯೇ ಇದ್ದರೆ ಮೀನು ತರಬಹುದು.